ಜೊತೆಯಲ್ಲಿ ಹೋಗುವುದನ್ನೂ ಕಲಿಯಬೇಕು: ಬೆಟ್ಟದ ಸೈಕಲ್ ಹಾದಿ ಮತ್ತು ಕಡಲಂಚಿನ ಸ್ನಾರ್ಕ್ಲಿಂಗ್

ಬೆಟ್ಟದ ಕಾಲುಹಾದಿಯಲ್ಲಿ ಸೈಕಲ್ ಓಡಿಸುವುದು ಒಂದು. ಕಡಲಂಚಿನಲ್ಲಿ ಮುಖ ನೀರೊಳಗಿಟ್ಟು ತೇಲುತ್ತಾ ಮೀನು, ಹವಳ ನೋಡುವುದು ಇನ್ನೊಂದು. ಎರಡನ್ನೂ ಕಲಿಯುವಾಗ ನಮಗೆ ಹೇಳಿಕೊಡುವುದೆಲ್ಲ ಒಬ್ಬೊಬ್ಬರೇ ಮಾಡುವ ಕೆಲಸ. ಬ್ರೇಕ್ ಹೇಗೆ ಹಿಡಿಯಬೇಕು, ಉಸಿರು ಹೇಗೆ ಬಿಡಬೇಕು, ಕಾಲು ಹೇಗೆ ಆಡಿಸಬೇಕು. ಆದರೆ ನಾವು ಹೋಗುವುದು ಗೆಳೆಯರ ಜೊತೆ, ಅಲ್ವಾ? ಜೊತೆಯಲ್ಲಿ ಹೋಗುವುದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ಅದು ತಾನಾಗಿ ಬರುತ್ತದೆ ಅಂದುಕೊಂಡಿರುತ್ತೇವೆ. ಬರುವುದಿಲ್ಲ. ಅದೂ ಒಂದು ಕೌಶಲ. ಅದನ್ನೂ ಕೂತು ಕಲಿಯಬೇಕು, ಮತ್ತೆ ಮತ್ತೆ ಮಾಡಿ ರೂಢಿಸಿಕೊಳ್ಳಬೇಕು. ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಮೊದಲು ಸೈಕಲ್ ಕಡೆಯಿಂದ ಶುರು ಮಾಡೋಣ. ಈ ಆಟ ಹುಟ್ಟಿದ್ದೇ ಗೆಳೆಯರ ಗುಂಪಿನಲ್ಲಿ. 1970ರ ದಶಕ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. ಅಲ್ಲಿನ ಒಂದಷ್ಟು ಜನ 1930, 40ರ ದಶಕದ ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಹುಡುಕಿ ತಂದು, ಕೈಯಾರೆ ರಿಪೇರಿ ಮಾಡಿ, ಮೌಂಟ್ ಟಮಲ್ಪಾಯಸ್ ಸುತ್ತಲಿನ ಮಣ್ಣು ಹಾದಿಗಳಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್‌ನಲ್ಲಿ ಅಲ್ಲೇ ಹತ್ತಿರದ ಒಂದು ಕಡಿದಾದ ಹಾದಿಯಲ್ಲಿ ಯಾರು ಬೇಗ ಇಳಿಯುತ್ತಾರೆ ಅಂತ ಪಂದ್ಯ ಇಟ್ಟರು. ಅದೇ ರೀಪ್ಯಾಕ್ ಪಂದ್ಯ. ಆ ಸೈಕಲ್‌ಗಳ ಬ್ರೇಕ್ ಹಿಂದಿನ ಚಕ್ರದ ಹಬ್‌ ಒಳಗೆ ಇರುತ್ತಿತ್ತು. ಕೆಳಗೆ ತಲುಪುವಷ್ಟರಲ್ಲಿ ಅದು ಎಷ್ಟು ಬಿಸಿಯಾಗುತ್ತಿತ್ತು ಅಂದರೆ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಅದಕ್ಕೇ ರೀಪ್ಯಾಕ್, ಅಂದರೆ ಮತ್ತೆ ತುಂಬುವುದು, ಅನ್ನುವ ಹೆಸರು. ಮರುವರ್ಷ, 1977ರಲ್ಲಿ, ಆ ಗುಂಪಿನ ಜೋ ಬ್ರೀಜ್ ಇದಕ್ಕೇ ಅಂತ ಹೊಸ ಫ್ರೇಮ್ ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚ್ಚಿ ಕಟ್ಟಿದ ಫ್ರೇಮ್‌ಗಳನ್ನು ಇಟ್ಟುಕೊಂಡು ಅಂಗಡಿ ವ್ಯವಹಾರ ಶುರು ಮಾಡಿದರು. 1996ರ ಅಟ್ಲಾಂಟಾ ಹೊತ್ತಿಗೆ ಇದು ಒಲಿಂಪಿಕ್ಸ್ ಆಟ.

ಇಪ್ಪತ್ತು ವರ್ಷದಲ್ಲಿ ಅಷ್ಟು ದೂರ! ಒಬ್ಬ ಫ್ರೇಮ್ ಕಟ್ಟುತ್ತಾನೆ, ಒಬ್ಬ ಸಮಯ ಬರೆದಿಡುತ್ತಾನೆ, ಒಬ್ಬ ಗೇರ್ ಜೋಡಿಸಿ ನೋಡುತ್ತಾನೆ. ಪಂದ್ಯದಲ್ಲಿ ಇಳಿಯುವುದು ಒಬ್ಬೊಬ್ಬರೇ, ಗಡಿಯಾರದ ಎದುರು. ಉಳಿದದ್ದೆಲ್ಲ ಸೇರಿಕೊಂಡು. ನನಗೆ ಈ ಕತೆಯಲ್ಲಿ ಇಷ್ಟವಾಗುವುದು ಅದೇ.

ಈಗ ಹಾದಿಗೆ ಬರೋಣ. ಇಳಿಯುವಾಗ ಸೀಟಿನಿಂದ ಏಳಬೇಕು, ಎರಡೂ ಪೆಡಲ್ ನೆಲಕ್ಕೆ ಸಮವಾಗಿರಬೇಕು, ಮೊಣಕೈ ಮೊಣಕಾಲು ಸ್ವಲ್ಪ ಬಾಗಿರಬೇಕು, ಬ್ರೇಕ್ ಮೇಲೆ ಒಂದು ಬೆರಳು ಸಾಕು. ಹೆಚ್ಚು ನಿಲ್ಲಿಸುವ ಶಕ್ತಿ ಇರುವುದು ಮುಂದಿನ ಬ್ರೇಕಿಗೆ, ಹಾಗಾಗಿ ಅದಕ್ಕೆ ಹೆದರಿ ಬರೀ ಹಿಂದಿನದನ್ನು ಎಳೆದರೆ ಚಕ್ರ ಜಾರುತ್ತದೆ, ಸೈಕಲ್ ನಿಲ್ಲುವುದಿಲ್ಲ. ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಿ. ಕಣ್ಣು ಹೋದ ಕಡೆ ಸೈಕಲ್ ಹೋಗುತ್ತದೆ. ಕಲ್ಲನ್ನೇ ದಿಟ್ಟಿಸಿದರೆ ಕಲ್ಲಿಗೇ ಹೋಗಿ ಹೊಡೆಯುತ್ತೀರಿ. ಇದೆಲ್ಲ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತದೆ. ಇಲ್ಲಿ ಜಾಸ್ತಿ ನಿಲ್ಲುವುದಿಲ್ಲ.

ಗೊತ್ತಿರುವ ಇದೆಲ್ಲ ಗುಂಪಿನಲ್ಲಿ ಹೋದಾಗ ಕೈ ಕೊಡುತ್ತದೆ. ಮುಂದೆ ಗೆಳೆಯ ಹೋಗುತ್ತಿದ್ದಾನೆ ಅಂದುಕೊಳ್ಳಿ. ನಿಮಗೆ ಅರಿವಿಲ್ಲದೆ ನಿಮ್ಮ ಕಣ್ಣು ಅವನ ಹಿಂದಿನ ಚಕ್ರಕ್ಕೆ ಅಂಟಿಕೊಳ್ಳುತ್ತದೆ. ಆಗ ನಿಮಗೆ ಕಾಣುವ ಹಾದಿ ಎರಡು ಮೂರು ಮೀಟರ್ ಅಷ್ಟೇ. ಬೇರು, ಗುಂಡಿ, ಸಡಿಲ ಕಲ್ಲು, ಎಲ್ಲವೂ ಅವನ ಚಕ್ರದ ಅಡಿಯಿಂದ ದಿಢೀರಂತ ಎದ್ದು ಬರುತ್ತವೆ. ಅವನು ಬ್ರೇಕ್ ಹಿಡಿದರೆ ನೀವೂ ಹಿಡಿಯುತ್ತೀರಿ, ಅದು ಬೇಡದ ಜಾಗದಲ್ಲೂ. ಅವನು ಕಲ್ಲು ಹಾರಿಸಿದರೆ ನೀವೂ ಹಾರಿಸಲು ಹೋಗುತ್ತೀರಿ. ಆದ್ದರಿಂದ ಇಳಿಜಾರಿನಲ್ಲಿ ಅಂತರ ಬಿಡಿ. ಎಷ್ಟು ಅಂದರೆ, ಮುಂದಿನವನ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ನಡುವೆ ಹಾದಿಯ ನೆಲ ಪೂರ್ತಿ ಓದಲು ಆಗುವಷ್ಟು.

ಹಿಂಬಾಲಿಸುವುದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಪಳಗಿದ ಗೆಳತಿಯೊಬ್ಬಳ ಹಿಂದೆ ನಿಧಾನವಾಗಿ ಒಂದು ಹಾದಿ ಇಳಿದರೆ ಸಿಗುವ ಪಾಠ ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ತಿರುವಿಗೆ ಹೊರಗಿನಿಂದ ಬಂದು ಒಳಗೆ ಕತ್ತರಿಸುವುದು, ಒದ್ದೆ ಬೇರನ್ನು ಓರೆಯಾಗಿ ದಾಟದೆ ನೇರ ಅಡ್ಡಕ್ಕೆ ದಾಟುವುದು, ಇದೆಲ್ಲ ನೋಡಿಯೇ ಬರಬೇಕು. ಆದರೆ ಆಗ ವೇಗ ಹಿಂದಿನವರದ್ದು ಇರಬೇಕು, ಮುಂದಿನವರದ್ದಲ್ಲ. ಮುಂದೆ ಇರುವವರು ತಾವೇ ಕೂಗಿ ಹೇಳುತ್ತಾ ಹೋದರೆ ಇನ್ನೂ ಒಳ್ಳೆಯದು. ‘ಎಡ ತಿರುವು, ಆಚೆ ಬೇರು, ಒದ್ದೆ’ ಅಂತ. ‘ಏನಿಲ್ಲ ಬಾ, ಸುಮ್ನೆ ಬಾ’ ಅನ್ನುವುದು ಮಾಹಿತಿ ಅಲ್ಲ. ಮುಂದಿದ್ದವರು ಹಾಗೆ ಹೇಳಲೇಬಾರದು ಅಂತ ನನ್ನ ಖಂಡಿತ ಅಭಿಪ್ರಾಯ. ಅಲ್ಲಿ ಏನಿದೆ ಅಂತ ಹೇಳಿ, ಬರಬೇಕೋ ಬೇಡವೋ ಅಂತ ಹಿಂದಿದ್ದವರು ತೀರ್ಮಾನ ಮಾಡಲಿ.

ಇನ್ನೊಂದು ವಿಷಯ, ಕಾಯುವುದು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಮಾತಾಡಬೇಕು. ಗುಂಪಿನಲ್ಲಿ ಜೋರಾಗಿ ಹೋಗುವವರು ಮೇಲಿನ ಕವಲಿನಲ್ಲಿ ನಿಂತು ಕಾಯುತ್ತಾರೆ. ನೀರು ಕುಡಿಯುತ್ತಾರೆ, ಫೋಟೋ ತೆಗೆಯುತ್ತಾರೆ, ಉಸಿರು ಹದಕ್ಕೆ ಬರುತ್ತದೆ. ಕೊನೆಯವಳು ಏದುಸಿರು ಬಿಡುತ್ತಾ ಬಂದು ತಲುಪುತ್ತಾಳೆ. ತಕ್ಷಣ ಉಳಿದವರು, ‘ಬಂದ್ಯಾ? ಸರಿ, ಹೊರಡೋಣ!’ ನೋಡಿದ್ದೀರಾ ಇದನ್ನ? ಯಾರಿಗೆ ವಿಶ್ರಾಂತಿ ಹೆಚ್ಚು ಬೇಕಿತ್ತೋ ಅವರಿಗೆ ಒಂದು ನಿಮಿಷವೂ ಸಿಗಲಿಲ್ಲ. ಇಡೀ ದಿನ ಹೀಗೇ ನಡೆದರೆ ಸಂಜೆ ಹೊತ್ತಿಗೆ ಬೀಳುವವರು ಅವರೇ. ದಣಿದ ಕೈ ಬ್ರೇಕನ್ನು ತಡವಾಗಿ ಹಿಡಿಯುತ್ತದೆ, ದಣಿದ ಕಣ್ಣು ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಹಾಗಾಗಿ ಕೊನೆಯವರು ಬಂದ ಮೇಲೆ ಕಾಯುವ ಸಮಯ ಶುರುವಾಗಬೇಕು. ಹೊರಡೋಣ ಅನ್ನುವ ಹಕ್ಕು ಅವರಿಗೇ ಕೊಡಿ. ಪ್ರತಿ ಕವಲಿನಲ್ಲೂ ತಲೆ ಎಣಿಸಿ. ದಾರಿ ಗೊತ್ತಿರುವ ಒಬ್ಬರು ಮುಂದೆ, ರಿಪೇರಿ ಗೊತ್ತಿರುವ ಒಬ್ಬರು ಕಟ್ಟಕಡೆಗೆ. ಪಂಕ್ಚರ್ ಆದವರು ಯಾವಾಗಲೂ ಹಿಂದೆ ಉಳಿಯುತ್ತಾರೆ, ಪಂಪು ಮುಂದಿನವರ ಚೀಲದಲ್ಲಿದ್ದರೆ ಏನು ಬಂತು?

ಕೆಲವು ಜಾಗಗಳಲ್ಲಿ ಇಳಿಯದೇ ಇರುವುದೇ ಸರಿ. ಅನುಮಾನ ಬಂದ ಕಡೆ ಸೈಕಲ್ ಒರಗಿಸಿ, ನಡೆದು ಹೋಗಿ, ಕೆಳಗಿನಿಂದ ಮೇಲಕ್ಕೆ ನೋಡಿ ಬನ್ನಿ. ಮೇಲಿನಿಂದ ಕಾಣದ್ದು ಕೆಳಗಿನಿಂದ ಕಾಣುತ್ತದೆ. ಇಳಿದು ನಡೆಯುತ್ತೇನೆ ಅಂದ ಗೆಳೆಯನನ್ನು ಯಾರೂ ಛೇಡಿಸಬಾರದು, ಸಮಾಧಾನ ಕೂಡ ಹೇಳಬಾರದು. ‘ಸರಿ’ ಅಂತ ಹೇಳಿ ಮುಂದೆ ಹೋಗುವುದು ಎಷ್ಟು ಸುಲಭ! ಆ ಒಂದು ಮಾತಿನಿಂದ ಗುಂಪಿನಲ್ಲಿ ಎಲ್ಲರಿಗೂ ಬೇಡ ಅನ್ನುವ ಧೈರ್ಯ ಬರುತ್ತದೆ.

ಬಿದ್ದಾಗ? ತರಚಿದ ಮೊಣಕಾಲು ಎಲ್ಲರಿಗೂ ಕಾಣುತ್ತದೆ. ತಲೆಗೆ ಬಿದ್ದ ಪೆಟ್ಟು ಕಾಣುವುದಿಲ್ಲ. ತಲೆ ಹೊಡೆಸಿಕೊಂಡವರು ಮೊದಲು ಹೇಳುವ ಮಾತು ‘ನಾನು ಚೆನ್ನಾಗಿದ್ದೀನಿ’. ಆ ಮಾತು ನಂಬಬೇಡಿ, ಯಾಕೆಂದರೆ ಅದನ್ನು ಹೇಳುತ್ತಿರುವುದು ಪೆಟ್ಟು ತಿಂದ ತಲೆಯೇ. ಇವತ್ತು ಯಾವ ವಾರ, ನಾವು ಎಲ್ಲಿಂದ ಹೊರಟೆವು, ಯಾರೆಲ್ಲ ಬಂದಿದ್ದೇವೆ ಅಂತ ಕೇಳಿ. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರೆ, ತಲೆನೋವು, ವಾಂತಿ, ಮಂಪರು ಇದ್ದರೆ, ಅವತ್ತಿನ ಸವಾರಿ ಮುಗಿಯಿತು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಏನೂ ಕಾಣದಿದ್ದರೂ ಅನುಮಾನ ಇದ್ದರೆ ಅವತ್ತು ಮತ್ತೆ ಸೈಕಲ್ ಹತ್ತಿಸಬೇಡಿ. ಹೆಲ್ಮೆಟ್ ಒಳಗಿನ ಫೋಮ್ ಒಂದು ಸಲ ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ. ಎರಡನೇ ಸಲಕ್ಕೆ ಅದರಲ್ಲಿ ಆ ಶಕ್ತಿ ಉಳಿದಿರುವುದಿಲ್ಲ. ಹೊರಗೆ ಬಿರುಕು ಕಾಣದಿದ್ದರೂ ಹೊಸದು ತೆಗೆದುಕೊಳ್ಳಿ.

ಹಾದಿಯ ಬಗ್ಗೆಯೂ ಎರಡು ಮಾತು. ಹತ್ತಿರದ ಹಾದಿ ಅಂದರೆ ಮತ್ತೆ ಮತ್ತೆ ಹೋಗುವ ಹಾದಿ, ಅದನ್ನು ಕಾಪಾಡಿಕೊಳ್ಳಬೇಕು. ಮಳೆ ನಿಂತ ಕೂಡಲೇ ಮೆತ್ತನೆ ಮಣ್ಣಿನಲ್ಲಿ ಓಡಿಸಿದರೆ ಚಕ್ರದ ಗೆರೆ ಬೀಳುತ್ತದೆ. ಮುಂದಿನ ಮಳೆಯ ನೀರು ಅದೇ ಗೆರೆ ಹಿಡಿದು ಹರಿಯುತ್ತದೆ, ಗೆರೆ ಕಾಲುವೆ ಆಗುತ್ತದೆ. ಹಾದಿ ಕಟ್ಟುವವರಲ್ಲಿ ಒಂದು ಲೆಕ್ಕ ಇದೆ: ಹಾದಿಯ ಇಳಿಜಾರು ಆ ಗುಡ್ಡದ ಪಕ್ಕೆಯ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಜಾಸ್ತಿ ಆದರೆ ನೀರು ಹಾದಿಯನ್ನು ಅಡ್ಡ ದಾಟಿ ಹೋಗುವ ಬದಲು ಹಾದಿಯ ಉದ್ದಕ್ಕೇ ಇಳಿಯುತ್ತದೆ. ಇದು ಗೊತ್ತಾದ ಮೇಲೆ ನೀವು ಯಾವ ಹಾದಿಯನ್ನೂ ಮೊದಲಿನ ಹಾಗೆ ನೋಡುವುದಿಲ್ಲ, ಎಲ್ಲಿ ಕೊರೆದಿದೆ, ಯಾಕೆ ಕೊರೆದಿದೆ ಅಂತ ಕಣ್ಣು ತಾನೇ ಹುಡುಕುತ್ತದೆ. ಕೊಚ್ಚೆ ತಪ್ಪಿಸಲು ಪಕ್ಕದ ಹುಲ್ಲಿನ ಮೇಲೆ ಹೋಗಬೇಡಿ. ಹಾದಿ ಅಗಲವಾಗುತ್ತಾ ಹೋಗುವುದು ಹಾಗೆಯೇ. ಹತ್ತಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು, ನಡೆಯುವವರಿಗೆ ಎಲ್ಲರೂ ಬಿಡಬೇಕು.

ಇನ್ನು ನೀರಿಗೆ ಇಳಿಯೋಣ.

ನೀರೊಳಗೆ ಬರಿಗಣ್ಣು ಬಿಟ್ಟರೆ ಎಲ್ಲ ಮಸುಕು. ನಮ್ಮ ಕಣ್ಣಿನ ಬೆಳಕು ಬಾಗಿಸುವ ಶಕ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಇರುವುದು ಮುಂಭಾಗದ ಕಾರ್ನಿಯಾದಲ್ಲಿ. ಅದು ಕೆಲಸ ಮಾಡುವುದು ಹೊರಗೆ ಗಾಳಿ ಇದ್ದಾಗ. ಕಾರ್ನಿಯಾಗೂ ನೀರಿಗೂ ಬೆಳಕು ಬಾಗಿಸುವ ಗುಣ ಹೆಚ್ಚುಕಡಿಮೆ ಒಂದೇ, ಹಾಗಾಗಿ ನೀರಿನಲ್ಲಿ ಆ ಶಕ್ತಿ ಮಾಯ. ಕಣ್ಣು, ಮೂಗು ಮುಚ್ಚುವ ಗಾಜಿನ ಮಾಸ್ಕ್ ಮಾಡುವುದು ಇಷ್ಟೇ, ಕಣ್ಣಿನ ಮುಂದೆ ಒಂದು ಗಾಳಿಯ ಪದರ ಇಡುತ್ತದೆ. ಆದರೆ ನೀರಿನಿಂದ ಗಾಜು ದಾಟಿ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಕಾಲು ಭಾಗ ಹತ್ತಿರವಾಗಿ ಕಾಣುತ್ತದೆ. ಗೆಳೆಯ ‘ಇಷ್ಟು ದೊಡ್ಡ ಮೀನು’ ಅಂತ ಕೈ ಅಗಲಿಸಿದರೆ ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಕಂಡದ್ದೇ ಅಷ್ಟು. ಹವಳ ಹತ್ತಿರ ಬಂತು ಅಂತ ನಿಮ್ಮ ಅಂದಾಜು ತಪ್ಪುವುದೂ ಇದರಿಂದಲೇ.

ಮಾಸ್ಕ್ ಮುಖಕ್ಕೆ ಹೊಂದುತ್ತದೆಯೇ ಅಂತ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಸರಿ. ಕೂದಲು, ಮೀಸೆ ಅಡ್ಡ ಬಂದರೆ ನೀರು ಬರುತ್ತದೆ. ಪಟ್ಟಿ ಬಿಗಿ ಮಾಡಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಬಿಗಿ ಜಾಸ್ತಿ ಆದರೆ ಅಂಚು ಮಡಚಿಕೊಂಡು ಅಲ್ಲಿಂದಲೇ ಸೋರುತ್ತದೆ.

ಬಾಯಲ್ಲಿ ಕಚ್ಚಿ ಉಸಿರಾಡುವ ಸ್ನಾರ್ಕೆಲ್ ಕೊಳವೆ ಯಾಕೆ ಗಿಡ್ಡ ಅಂತ ಮಕ್ಕಳು ಕೇಳುತ್ತಾರೆ, ಬಹಳ ಒಳ್ಳೆಯ ಪ್ರಶ್ನೆ. ಉದ್ದ ಇದ್ದಿದ್ದರೆ ಆಳಕ್ಕೆ ಹೋಗಬಹುದಿತ್ತಲ್ಲ? ಆಗುವುದಿಲ್ಲ. ಒಂದು ಮೀಟರ್ ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ಭಾರ ಹಾಕುತ್ತದೆ. ಅಂದರೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಜಾಗಕ್ಕೆ 10 ಕಿಲೋ. ಇಡೀ ಎದೆಗೆ ಲೆಕ್ಕ ಹಾಕಿ ನೋಡಿ. ಕೊಳವೆಯೊಳಗಿನ ಗಾಳಿ ಮೇಲಿನ ಒತ್ತಡದಲ್ಲೇ ಇರುತ್ತದೆ, ಆದ್ದರಿಂದ ಅಷ್ಟು ಭಾರ ಎತ್ತಿ ಎದೆ ಅರಳಿಸುವ ಶಕ್ತಿ ನಮ್ಮ ಸ್ನಾಯುಗಳಿಗಿಲ್ಲ. ಅದೂ ಅಲ್ಲದೆ ಉದ್ದ ಕೊಳವೆಯಲ್ಲಿ ನಾವು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ಇದಕ್ಕೇ ಕೊಳವೆ 40 ಸೆಂಟಿಮೀಟರ್ ಒಳಗೇ ಇರುತ್ತದೆ. ಕೊಳವೆಯಲ್ಲಿ ಸಣ್ಣ ಸಣ್ಣ ಉಸಿರು ತೆಗೆದರೆ ಆ ಹಳೇ ಗಾಳಿಯೇ ಹಿಂದೆ ಮುಂದೆ ಓಡಾಡುತ್ತಿರುತ್ತದೆ. ನಿಧಾನ, ಆಳ, ಪೂರ್ತಿ ಬಿಟ್ಟು ಮತ್ತೆ ಎಳೆಯುವುದು. ಅಂದ ಹಾಗೆ, ಮುಳುಗುವವರು ಬಳಸುವ ಉಸಿರಾಟದ ಕೊಳವೆಯನ್ನು ಆನೆಯ ಸೊಂಡಿಲಿಗೆ ಹೋಲಿಸಿ ಅರಿಸ್ಟಾಟಲ್ ಬರೆದಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದೆ! ಮನುಷ್ಯನಿಗೆ ನೀರಿನ ಕೆಳಗೆ ಏನಿದೆ ಅನ್ನುವ ಕುತೂಹಲ ಅಷ್ಟು ಹಳೆಯದು.

ಈಗ ನೀರಿನಲ್ಲಿ ಜೊತೆಯ ಮಾತು. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಸೈಕಲ್‌ನಿಂದ ಬಿದ್ದವನು ಕೂಗುತ್ತಾನೆ, ಸದ್ದಾಗುತ್ತದೆ, ಸೈಕಲ್ ಬಿದ್ದಿರುವುದು ಕಾಣುತ್ತದೆ. ಸ್ನಾರ್ಕೆಲ್ ಹಾಕಿಕೊಂಡು ಹಾಯಾಗಿ ಮೀನು ನೋಡುತ್ತಿರುವವನು ಹೇಗೆ ಕಾಣುತ್ತಾನೆ? ಮುಖ ಕೆಳಗೆ, ಕೈಕಾಲು ಸಡಿಲ, ಅಲ್ಲಾಡದೆ ತೇಲುತ್ತಿದ್ದಾನೆ. ಪ್ರಜ್ಞೆ ತಪ್ಪಿದವನು ಹೇಗೆ ಕಾಣುತ್ತಾನೆ? ಹಾಗೆಯೇ. ದಂಡೆಯಲ್ಲಿ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತಿರ ಇದ್ದು ನೋಡುತ್ತಿರುವ ಜೊತೆಗಾರನಿಗೆ ಮಾತ್ರ ಗೊತ್ತಾಗುತ್ತದೆ. ಐದು ಜನ ಒಟ್ಟಿಗೆ ನೀರಿಗಿಳಿದು ಐದು ದಿಕ್ಕಿಗೆ ತೇಲಿಹೋದರೆ ಅದು ಐದು ಜನ ಒಬ್ಬೊಬ್ಬರೇ ಹೋದ ಲೆಕ್ಕ.

ಆದ್ದರಿಂದ ದಂಡೆಯಲ್ಲೇ ಜೋಡಿ ಮಾಡಿಕೊಳ್ಳಿ. ನನ್ನ ಜೊತೆ ಇವಳು, ಇವಳ ಜೊತೆ ನಾನು, ಅಂತ ಹೆಸರು ಹಿಡಿದು ಹೇಳಿ. ನಿಮ್ಮ ಸಂಖ್ಯೆ ಬೆಸ ಆದರೆ ಮೂವರ ಒಂದು ಗುಂಪು ಮಾಡಿ, ಆದರೆ ಮೂವರಲ್ಲಿ ‘ಇನ್ನೊಬ್ಬರು ನೋಡುತ್ತಿದ್ದಾರೆ’ ಅಂತ ಎಲ್ಲರೂ ಅಂದುಕೊಳ್ಳುವ ಅಪಾಯ ಇದೆ, ಯಾರು ಯಾರನ್ನು ನೋಡಬೇಕು ಅಂತ ಮೊದಲೇ ಹೇಳಿಕೊಳ್ಳಿ. ಪಕ್ಕಪಕ್ಕದಲ್ಲಿ ತೇಲಿ. ಒಬ್ಬರ ಹಿಂದೆ ಒಬ್ಬರು ಹೋದರೆ ಮುಂದಿನವರಿಗೆ ಹಿಂದಿನವರು ಕಾಣುವುದಿಲ್ಲ. ನಾಲ್ಕಾರು ಉಸಿರಿಗೊಮ್ಮೆ ಪಕ್ಕಕ್ಕೆ ನೋಡಿ. ಕೂಗಿ ಕರೆಯುವುದನ್ನು ನಂಬಬೇಡಿ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಎರಡು ಕಿವಿಗೂ ಹೆಚ್ಚುಕಡಿಮೆ ಒಟ್ಟಿಗೇ ತಲುಪುವುದರಿಂದ ಸದ್ದು ಯಾವ ಕಡೆಯಿಂದ ಬಂತು ಅಂತ ಮಿದುಳಿಗೆ ತಿಳಿಯುವುದಿಲ್ಲ. ಕೈಸನ್ನೆಯೇ ಗತಿ. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಎಲ್ಲ ಸರಿ ಅಂತ. ಹೆಬ್ಬೆರಳು ಮೇಲೆತ್ತುವುದು ಬೇಡ, ಮುಳುಗುವವರ ಸನ್ನೆಯಲ್ಲಿ ಅದಕ್ಕೆ ‘ಮೇಲೆ ಹೋಗೋಣ’ ಅಂತ ಅರ್ಥ. ಕೈ ಎತ್ತಿ ಬೀಸಿದರೆ ಸಹಾಯ ಬೇಕು ಅಂತ. ಹಾಗಾಗಿ ದಂಡೆಯಲ್ಲಿರುವ ಗೆಳೆಯರಿಗೆ ಖುಷಿಗೆ ಕೈ ಬೀಸುವ ಅಭ್ಯಾಸ ಬಿಡಿ.

ಸ್ವಲ್ಪ ಕೆಳಗೆ ಮುಳುಗಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಮುಳುಗಿದ ಕೂಡಲೇ, ನೋವು ಬರುವ ಮುಂಚೆಯೇ, ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿಯ ಒಳಗಿನ, ಹೊರಗಿನ ಒತ್ತಡ ಸಮ ಮಾಡಿಕೊಳ್ಳಿ. ನೋವು ಬಂದರೆ ಮೇಲೆ ಬನ್ನಿ. ಮುಳುಗುವ ಮುಂಚೆ ಜೋರಾಗಿ ಪಟಪಟ ಉಸಿರಾಡುವುದು ಬಹಳ ಅಪಾಯ. ಜನ ಅದರಿಂದ ಆಮ್ಲಜನಕ ತುಂಬಿಕೊಳ್ಳುತ್ತದೆ ಅಂದುಕೊಳ್ಳುತ್ತಾರೆ. ಜಾಸ್ತಿ ಏನೂ ತುಂಬುವುದಿಲ್ಲ. ಕಡಿಮೆ ಆಗುವುದು ಇಂಗಾಲದ ಡೈಆಕ್ಸೈಡ್. ಉಸಿರು ಬೇಕು ಅಂತ ನಮ್ಮನ್ನು ಒದ್ದಾಡಿಸುವುದು ಮುಖ್ಯವಾಗಿ ಅದೇ. ಅದು ಏರುವ ಮುಂಚೆಯೇ ಆಮ್ಲಜನಕ ಮುಗಿದರೆ, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ಹೋಗುತ್ತದೆ. ಚೆನ್ನಾಗಿ ಈಜು ಬರುವವರಿಗೂ ಹೀಗಾಗಿದೆ, ಆಳವಿಲ್ಲದ ಈಜುಕೊಳದಲ್ಲೂ ಆಗಿದೆ. ಅದಕ್ಕೇ ಒಬ್ಬರು ಮುಳುಗಿದಾಗ ಇನ್ನೊಬ್ಬರು ಮೇಲಿದ್ದು ನೋಡುತ್ತಿರಬೇಕು. ಮುಳುಗಿದವರು ಮೇಲೆ ಬಂದು ಕೆಲವು ಉಸಿರು ತೆಗೆದುಕೊಳ್ಳುವವರೆಗೂ ಕಣ್ಣು ತೆಗೆಯಬಾರದು. ಇಬ್ಬರೂ ಒಟ್ಟಿಗೆ ಮುಳುಗಿದರೆ ಜೊತೆಗೆ ಅರ್ಥವೇ ಇಲ್ಲ.

ನೀರಿಗೆ ಇಳಿಯುವ ಮುಂಚೆ ದಂಡೆಯಲ್ಲಿ ನಿಂತು ಹತ್ತು ಹದಿನೈದು ನಿಮಿಷ ಕಡಲನ್ನು ನೋಡಿ. ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಶಾಂತವಾಗಿದೆ ಅಂತ ಇಳಿದಾಗ ಮುಂದಿನ ಗುಂಪು ಬಂದಿರುತ್ತದೆ. ಅಲೆ ಒಡೆಯುವ ಸಾಲಿನ ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ಸಮ ಇದ್ದರೆ, ಸುಲಭದ ಜಾಗ ಅಂತ ಅಲ್ಲಿಗೆ ಹೋಗಬೇಡಿ. ನೀರು ಕಡಲಿಗೆ ವಾಪಸ್ ಹರಿಯುವ ಸೆಳೆತ ಹಲವು ಸಲ ಹಾಗೆಯೇ ಕಾಣುತ್ತದೆ. ಸಿಕ್ಕಿಕೊಂಡರೆ ದಂಡೆಯ ಕಡೆ ಗುದ್ದಾಡಬೇಡಿ. ತೇಲಿ, ಕೈ ಎತ್ತಿ, ಆಗುವುದಾದರೆ ದಂಡೆಗೆ ಸಮಾನಾಂತರವಾಗಿ ಈಜಿ ಹೊರಬನ್ನಿ. ಮಾಮೂಲಿ ಹರಿವು ಇದ್ದಾಗ ಮೊದಲು ಅದರ ಎದುರಿಗೆ ಹೋಗಿ. ದಣಿದು ವಾಪಸ್ ಬರುವಾಗ ಅದೇ ನಿಮ್ಮನ್ನು ತಂದು ಬಿಡುತ್ತದೆ.

ಹವಳದ ಮೇಲೆ ನಿಲ್ಲಬೇಡಿ. ಎಷ್ಟೇ ಸುಸ್ತಾದರೂ. ಅದು ಕಲ್ಲಲ್ಲ, ಸಾವಿರಾರು ಪುಟ್ಟ ಜೀವಿಗಳು ಕಟ್ಟಿದ ಮನೆ. ದುಂಡನೆ ಬೆಳೆಯುವ ಜಾತಿಗಳಲ್ಲಿ ಬಹಳಷ್ಟು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಒಂದು ಕಾಲು ಇಟ್ಟಲ್ಲಿ ಎಷ್ಟೋ ವರ್ಷದ ಬೆಳವಣಿಗೆ ಹೋಗುತ್ತದೆ. ಸುಸ್ತಾಗುವುದು ಖಂಡಿತ ಅಂದರೆ ತೇಲುವ ಜಾಕೆಟ್ ಹಾಕಿಕೊಂಡೇ ಇಳಿಯಿರಿ, ಅದರಲ್ಲಿ ಸಂಕೋಚ ಬೇಡ. ಬಿಸಿಲಿಗೆ ಕ್ರೀಮ್ ಬದಲು ತುಂಬುತೋಳಿನ ಅಂಗಿ ಹಾಕಿ. ಹವಳಕ್ಕೆ ಕೆಡುಕು ಅಂತ ಹವಾಯಿಯಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕ ಇರುವ ಕ್ರೀಮ್‌ಗಳ ಮಾರಾಟವನ್ನು 2021ರಿಂದ ನಿಲ್ಲಿಸಿದ್ದಾರೆ. ಅಂಗಿಯಿಂದ ಆ ತಾಪತ್ರಯವೇ ಇಲ್ಲ. ಇನ್ನು, ಸುಮ್ಮನೆ ತೇಲುತ್ತಾ ಕಿವಿಗೊಡಿ. ಕರಕರ ಸದ್ದು ಕೇಳಿದರೆ ಸುತ್ತ ಗಿಳಿಮೀನು ಹುಡುಕಿ. ಅದು ಹವಳದ ಬಂಡೆ ಕಚ್ಚಿ ತಿಂದು, ನುಣ್ಣಗೆ ಅರೆದು ಮರಳಾಗಿ ಹೊರಹಾಕುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಈ ಮೀನಿನ ಪಾಲು ದೊಡ್ಡದು. ಜೊತೆಗಾರರ ತೋಳು ಮುಟ್ಟಿ ತೋರಿಸಿ. ಇಬ್ಬರೂ ಒಂದೇ ಮೀನು ನೋಡುವ ಸಂತೋಷವೇ ಬೇರೆ.

ಬಹಳ ಜನ ಕೇಳುತ್ತಾರೆ, ಎರಡನ್ನೂ ಒಂದೇ ದಿನ ಮಾಡಬಹುದಾ ಅಂತ. ಮಾಡಬಹುದು, ಆದರೆ ನೀರು ಮೊದಲು. ಕಾರಣ ಹೇಳುತ್ತೇನೆ. ಹೊತ್ತೇರಿದ ಹಾಗೆ ನೆಲ ಕಾಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ನೀರು ಕದಡುತ್ತದೆ. ಬೆಳಿಗ್ಗೆ, ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ, ನೀರೂ ತಿಳಿ, ಬೆಳಕೂ ಒಳಗೆ ಇಳಿಯುತ್ತದೆ. ಇನ್ನೂ ಮುಖ್ಯ ಕಾರಣ ಕಾಲು. ಬೆಟ್ಟ ಹತ್ತಿ ದಣಿದ ಕಾಲಿಗೆ ಫಿನ್, ಅಂದರೆ ಈಜುವ ರೆಕ್ಕೆ, ಕಟ್ಟಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಹಾದಿಯಲ್ಲಿ ಕಾಲು ಹಿಡಿದರೆ ಕಲ್ಲಿನ ಮೇಲೆ ಕೂರಬಹುದು, ನೀರಿನಲ್ಲಿ ಎಲ್ಲಿ ಕೂರುತ್ತೀರಿ? ಸೈಕಲ್‌ನಿಂದ ಬಿದ್ದು ತರಚಿದ ಗಾಯಕ್ಕೂ ಕಡಲ ನೀರು ಒಳ್ಳೆಯದಲ್ಲ. ಅದು ಗಾಯ ತೊಳೆಯುತ್ತದೆ ಅನ್ನುವ ಮಾತು ಹಲವರು ಹೇಳುತ್ತಾರೆ, ಆದರೆ ಅದರಲ್ಲಿ ಸೋಂಕು ತರುವ ಬ್ಯಾಕ್ಟೀರಿಯಾ ಇರುತ್ತವೆ.

ನೀರಿನಿಂದ ಬಂದ ಮೇಲೆ ತಕ್ಷಣ ಸೈಕಲ್ ಹತ್ತಬೇಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆಯುತ್ತದೆ, ಬೆಚ್ಚಗಿನ ಕಡಲಲ್ಲೂ ಗಂಟೆಗಟ್ಟಲೆ ಇದ್ದರೆ ಬೆರಳು ಮರಗಟ್ಟುತ್ತವೆ. ಆ ಬೆರಳಿನಿಂದಲೇ ಬ್ರೇಕ್ ಹಿಡಿಯಬೇಕು. ನೀರಿನ ಒತ್ತಡಕ್ಕೆ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ, ದೇಹ ಅದನ್ನು ದ್ರವ ಜಾಸ್ತಿ ಆಯಿತು ಅಂತ ತಿಳಿದು ಮೂತ್ರವಾಗಿ ಕಳಿಸುತ್ತದೆ. ನೀರಿನಲ್ಲೇ ಇದ್ದೂ ದೇಹ ಒಣಗಿರುತ್ತದೆ. ಚೆನ್ನಾಗಿ ನೀರು ಕುಡಿದು, ಏನಾದರೂ ತಿಂದು, ಮೈ ಬೆಚ್ಚಗಾದ ಮೇಲೆ ಸುಲಭದ ಹಾದಿಯೊಂದನ್ನು ಆರಿಸಿಕೊಳ್ಳಿ. ಅವತ್ತು ಹೊಸ ಹಾದಿ ಬೇಡ. ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಬರದೇ ಉಳಿದ ಒಬ್ಬರಿಗೆ ಹೇಳಿ ಹೊರಡಿ. ಬಂದ ಮೇಲೆ ಮರೆಯದೆ ಅವರಿಗೆ ಫೋನ್ ಮಾಡಿ.